ಅಕ್ಕೋರ ಬಾಯಿಗಾಳಿ

ಮೊನ್ನೆ ಹುಟ್ಟುಹಬ್ಬದ ದಿನ ಮೊಮ್ಮಗಳು ಕೇಕಿನ ಮೇಲಿನ ಮೇಣದಬತ್ತಿಯನ್ನು ಉಫ್ ಎಂದು ಆರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಮ್ಮನೆ ಕೂತರೆ ಅಜ್ಜನಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಆರಿದ ಬತ್ತಿಯ ಕಮಟು ಹೊಗೆ ಮೂಗಿಗೆ ಬಂದದ್ದೇ ನಾನು ಮಾಸ್ತರನಾಗಿದ್ದ ಶಾಲೆಯ ಟೀಚರಮ್ಮ, ನಮ್ಮ ಅಕ್ಕೋರು ನೆನಪಾದರು...

ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸತಕ್ಕದ್ದು ಎಂದು ಸರ್ಕಾರ ಅಪ್ಪಣೆ ಕೊಡಿಸಿದ ಕಾಲ. ಹೊನ್ನಾವರದಾಚೆಯ ನಮ್ಮ ಶಾಲೆಯಲ್ಲಿ ಅಕ್ಕೋರು ಬಂದಾಗಿನಿಂದ ಒಂದನೇ ಇಯತ್ತೆಯನ್ನೇ ಹಿಡಿದವರು. ಮೇಲಿನ ತರಗತಿ ಕೊಟ್ಟರೂ ಬೇಡವೆಂದವರು. ಇಂಗ್ಲಿಷ್ ಬಾರದಿದ್ದರೆ ಆ ತರಗತಿಯನ್ನು ಬೇರೆಯವರಿಗೆ ಕೊಡುವುದೇ ಸೈ ಎಂದು ಹೆಡ್‌ಮಾಸ್ತರು ಹೇಳಿಬಿಟ್ಟಿದ್ದರು. ಹಾಗಾಗಿ ನಾವಿಬ್ಬರೂ ಕುಮಟೆಯ ತರಬೇತಿಗೆ ಹೋದೆವು.

ಪಾಠ ಹೇಳಿದವನು ನಮ್ಮ ಮಕ್ಕಳ ಪ್ರಾಯದವ. ಇಂಗ್ಲಿಷಿನಲ್ಲಿ ‘ಪೆನ್’ ಎನ್ನುವಾಗ ಮೊದಲಕ್ಷರದ ಜೊತೆ ಬಾಯಿಂದ ಒಂದು ಗಾಳಿ ಹೊರಡಬೇಕಂತೆ. ನಮ್ಮ ‘ಪ’ಕ್ಕೆ ಆ ಭಾಗ್ಯವಿಲ್ಲವಂತೆ. ಮೇಣದಬತ್ತಿ ಹಚ್ಚಿಟ್ಟ. ಒಬ್ಬೊಬ್ಬರಾಗಿ ಅದರೆದುರು ‘ಪೆನ್’ ಅನ್ನಬೇಕು, ಜ್ವಾಲೆ ಅಲುಗಬೇಕು. ಆರಿದರೆ ಇನ್ನೂ ಉತ್ತಮ. ಮಾಸ್ತರ ಮಂಡಳಿ ಹೋಮಕ್ಕೆ ಕೂತವರ ಗಾಂಭೀರ್ಯದಿಂದ ದೀಪ ಆರಿಸತೊಡಗಿತು. ನನ್ನದು ಒಂದೇ ಸಲಕ್ಕೆ ಆರಿತು. ಇಂಗ್ಲಿಷ್ ನನ್ನನ್ನು ಮೆಚ್ಚಿದ್ದು ಜೀವಮಾನದಲ್ಲಿ ಅದೊಂದೇ ಬಾರಿ.

ಅಕ್ಕೋರು ‘ಪೆನ್’ ಅಂದರು. ಜ್ವಾಲೆ ಮಿಸುಕಲಿಲ್ಲ. ಮತ್ತೆ ಅಂದರು, ಉಸಿರನ್ನು ಒಳಕ್ಕೇ ಎಳೆದುಕೊಂಡರು. ದೀಪಕ್ಕೆ ಬಾಯಿಗಾಳಿ ತಾಗಿದರೆ ಎಂಜಲಾಯಿತು, ಕೈ ಬೀಸಿ ಆರಿಸಬೇಕು ಎಂದು ಚಿಕ್ಕಂದಿನಿಂದ ಕಲಿತ ಬಾಯಿ ಅದು. ಇದು ಬರೀ ಮೇಣ, ದೇವರ ದೀಪವಲ್ಲ ಎಂದು ಹುಡುಗ ವಿವರಿಸಿದ. ಅಕ್ಕೋರು ತಲೆಯಾಡಿಸಿದರು. ಆಮೇಲೆ ಕೈ ಬೀಸಿ ಬತ್ತಿ ಆರಿಸಿ, ಎದ್ದು ಹೋಗಿ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ವಾಪಸು ಬರುವಾಗ ಬಸ್ಸು ಶರಾವತಿ ಸೇತುವೆ ದಾಟಿತು. “ಒಂದನೇ ಇಯತ್ತೆ ಹೋತು ಮಾಸ್ತರೆ,” ಅಂದರು ಅಕ್ಕೋರು. “ದೀಪ ಊದೂಕೆ ನನ್ನಿಂದ ಆಗೂದಿಲ್ಲ.”

ಸೋಮವಾರ ಹೆಡ್‌ಮಾಸ್ತರು ಪಾಠ ನೋಡಲು ಹೋಗಿ ನಿಂತರು. ನಾನು ಹೊರಗೆ ಕಿಟಕಿಯ ಹತ್ತಿರ. ಅಕ್ಕೋರು ಬತ್ತಿಯನ್ನೇ ತಂದಿರಲಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಅವರ ಅಂಗೈಯನ್ನು ತಮ್ಮ ಬಾಯೆದುರು ಹಿಡಿದುಕೊಂಡು ‘ಪೆನ್’ ಅಂದರು. ಆಮೇಲೆ ಮಗುವಿನ ಬಾಯೆದುರು ತಮ್ಮ ಅಂಗೈ. ದೋಣಿಯವರ ಮನೆಯ ಹುಡುಗಿಯೊಂದು ತನ್ನ ಕೈಯನ್ನೇ ನೋಡಿಕೊಂಡು, “ಬಿಸಿ ಬಿಸಿ ಬಂತು ಅಕ್ಕೋರೆ. ಎಲೆಯಡಿಕೆ ವಾಸ್ನೆ,” ಅಂದಿತು. ಹೆಡ್‌ಮಾಸ್ತರು ಕೆಮ್ಮುತ್ತಾ ಹೊರಬಂದರು. ತರಗತಿ ಅಕ್ಕೋರಲ್ಲೇ ಉಳಿಯಿತು.

ಉಳಿದು ಏನು ಬಂತು... ಮುಂದಿನ ಜೂನಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ನಮ್ಮ ಕೇರಿಗೂ ಬಂತು. ಒಂದನೇ ಇಯತ್ತೆಗೆ ಸೇರಲು ಯಾರೂ ಬರಲಿಲ್ಲ. ಅಕ್ಕೋರು ಸದ್ದು ಕಲಿತು ಸಜ್ಜಾಗಿದ್ದರು. ಕೇಳಬೇಕಾದ ಕಿವಿಗಳು ವ್ಯಾನು ಹತ್ತಿದ್ದವು. ಆದರೂ ದಿನವೂ ಹೋಗಿ ಆ ಕೋಣೆಯಲ್ಲಿ ಕೂತರು. “ಮಳೆ ಅಲ್ವಾ ಮಾಸ್ತರೆ, ನಿಂತ ಮೇಲೆ ಬತ್ತಾರೆ,” ಎನ್ನುತ್ತಿದ್ದರು. ಮಳೆಯೂ ನಿಂತಿತು...

ಅವರು ತೀರಿಕೊಂಡದ್ದು ನನಗೆ ತಡವಾಗಿ ತಿಳಿಯಿತು, ನೋಡಲಾಗಲಿಲ್ಲ. ಈಚೆಗೆ ಆ ದಾರಿಯಲ್ಲಿ ಹೋಗುವಾಗ ಶಾಲೆಯೊಳಗೆ ಇಣುಕಿದೆ. ಅಕ್ಕೋರ ಕೋಣೆಯಲ್ಲಿ ಈಗ ಬಿಸಿಯೂಟದ ಅಕ್ಕಿಮೂಟೆ ಒಟ್ಟಿದ್ದಾರೆ. ಉಣ್ಣಲು ಮಕ್ಕಳು ಎಷ್ಟಿದ್ದಾರೆಂದು ಅಡುಗೆಯವಳನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ.