ಅಧ್ಯಕ್ಷರು ಕೊನೆಗೆ ಏನಂದರು

ಆಕೆಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ನರ್ಸಿಂಗ್ ಓದಿದವಳೇನೂ ಅಲ್ಲ. ಮದುವೆಯಾದ ಹೊಸದರಲ್ಲೇ ಅತ್ತೆ ಹಾಸಿಗೆ ಹಿಡಿದರು. ಅವರನ್ನು ನೋಡಿಕೊಳ್ಳುತ್ತ ಕಲಿತದ್ದು, ಅವರು ಹೋದಮೇಲೆ ಹೊಟ್ಟೆಪಾಡಾಯಿತು. ಏಳಲಾಗದವರನ್ನು ಸೊಂಟಕ್ಕೆ ಕೈಕೊಟ್ಟು ಎಬ್ಬಿಸುವುದು, ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ಒರೆಸಿ ಪೌಡರ್ ಹಾಕುವುದು, ಬೈದರೆ ಬೈಸಿಕೊಳ್ಳುವುದು. "ಬೈಯೋ ರೋಗಿಯಾದ್ರೆ ವಾಸಿ. ಸುಮ್ನೆ ನೋಡ್ತಾ ಇರ್ತಾರಲ್ಲ, ಅವ್ರನ್ನ ಕಂಡ್ರೆ ನನಗೆ ಭಯ" ಎನ್ನುತ್ತಿದ್ದಳು.

ಭಯಕ್ಕೆ ಆಕೆಯ ಹತ್ತಿರ ಬರಗಾಲವೇ ಇರಲಿಲ್ಲ. ಹಲ್ಲಿ ಕಂಡರೆ ಭಯ, ಲಿಫ್ಟಿನ ಬಾಗಿಲು ಕಂಡರೆ ಭಯ, ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತರೆ ನಾಲಿಗೆ ಒಣಗುತ್ತಿತ್ತು. ಗಂಡ ಬಸ್ ಕಂಡಕ್ಟರ್, ತಮಾಷೆಯ ಮನುಷ್ಯ. "ನಮ್ಮನೇಲಿ ಧೈರ್ಯವಾಗಿ ಗಂಟಲು ಬಿಟ್ಟು ಸದ್ದು ಮಾಡೋದು ಫ್ರಿಜ್ ಒಂದೇ" ಎಂದು ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಆದರೆ ಹಲ್ಲಿ, ಲಿಫ್ಟು ಎಲ್ಲ ಪಕ್ಕಕ್ಕಿರಲಿ. ಆಕೆಯ ನಿಜವಾದ ಭಯಕ್ಕೆ ಒಂದು ಮುಖವಿತ್ತು. ಅದು ಅಧ್ಯಕ್ಷರ ಮುಖ.

ಪುರಸಭೆಯ ಕುರ್ಚಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಅವರು ಅಧ್ಯಕ್ಷರೇ. ಕೆಳಗಿನ ಬೀದಿಗಳಿಗೆ ನಲ್ಲಿ ನೀರು ತಂದವರು ಅವರು. ಆಸ್ಪತ್ರೆಗೆ ಹೆರಿಗೆ ವಾರ್ಡು ಕಟ್ಟಿಸಿದವರೂ ಅವರೇ. ಸಿಸ್ಟರಿನ ಮಗಳು ಹುಟ್ಟಿದ್ದು ಅಲ್ಲಿ. ಹಳೇ ಮಾರುಕಟ್ಟೆಗೆ ಬೆಂಕಿ ಬಿದ್ದದ್ದು, ಬೂದಿ ಆರುವ ಮೊದಲೇ ಆ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದ್ದು ಕೂಡ ಅವರ ಕಾಲದಲ್ಲೇ. ಬೆಂಕಿ ಹೇಗೆ ಬಿತ್ತು ಅಂತ ಊರಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದವನು ಸಿಸ್ಟರಿನ ಅಣ್ಣ ಒಬ್ಬನೇ. ಸಣ್ಣದೊಂದು ಪ್ರೆಸ್ ಇಟ್ಟುಕೊಂಡಿದ್ದ ಅವನು ಆ ಪ್ರಶ್ನೆಯನ್ನೇ ಕರಪತ್ರ ಮಾಡಿ ಹಂಚಿದ. ಅದೇ ವಾರ ಹಾಡಹಗಲಲ್ಲಿ ಕೆಲವರು ಅಂಗಡಿಗೆ ಬಂದು, ಅವನ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲೆಳೆದು ಹೋದರು. ಎದುರು ಅಂಗಡಿಯವನು ನೋಡುತ್ತ ನಿಂತಿದ್ದ. ಆಮೇಲೆ ಕೇಳಿದರೆ, ಆ ದಿನ ಊರಲ್ಲೇ ಇರಲಿಲ್ಲ ಎಂದ. ಪೊಲೀಸ್ ಠಾಣೆಯಲ್ಲಿ "ಕೈ ಮಿಷಿನ್‌ಗೆ ಸಿಕ್ಕಿದ್ದು ಅಂತ ಬರ್ಕೊಳ್ಲಾ?" ಎಂದು ಕೇಳಿದಾಗ ಅಣ್ಣ "ಹೂಂ" ಎಂದ. ಮೂಳೆ ಕೂಡಿಕೊಂಡಿತು. ಬೆರಳು ಮಾತ್ರ ಮತ್ತೆ ಮಡಚಲಿಲ್ಲ.

ಇಷ್ಟೆಲ್ಲ ಆಗಿ ಎಷ್ಟೋ ಕಾಲವಾದಮೇಲೆ, ಏಜೆನ್ಸಿಯವನು ಫೋನ್ ಮಾಡಿ "ಅಧ್ಯಕ್ಷರಿಗೆ ಲಕ್ವ ಹೊಡೆದಿದೆ, ನಾಳೆಯಿಂದ ಅವರ ಮನೆಗೆ ಹೋಗಿ" ಎಂದ.

"ಬೇರೆ ಯಾರನ್ನಾದ್ರೂ ಕಳಿಸಿ ಸರ್."

"ನಿಮ್ಮನ್ನೇ ಕೇಳಿದಾರಮ್ಮ. ಆಗಲ್ಲ ಅನ್ನೋದಾದ್ರೆ ನೀವೇ ಹೋಗಿ ಹೇಳಿ. ನನ್ನ ಕೈಲಾಗಲ್ಲ."

ಆಗಲ್ಲ ಎಂದು ಹೇಳಲು ಹೋದವಳು ಅಲ್ಲೇ ಉಳಿದುಬಿಟ್ಟಳು. ವಿಷಯ ತಿಳಿದ ಅಣ್ಣ ತಂಗಿಯ ಜೊತೆ ಮಾತು ಬಿಟ್ಟ.

ಮಹಡಿಯ ಮೇಲಿನ ಕೋಣೆ. ಕಿಟಕಿಯಿಂದ ಕೆಳಗಿನ ವರಾಂಡ, ಗೇಟು ಎರಡೂ ಕಾಣುತ್ತಿದ್ದವು. ದೊಡ್ಡ ಮಂಚದ ಮಧ್ಯೆ ಅಧ್ಯಕ್ಷರು ಇಷ್ಟೇ ಇಷ್ಟಾಗಿ ಮಲಗಿದ್ದರು. ಮೊದಲ ದಿನ ಚಮಚ ಬಾಯಿಗಿಡುವಾಗ ಆಕೆಯ ಕೈ ಎಷ್ಟು ನಡುಗಿತೆಂದರೆ ಚಮಚ ಅವರ ಹಲ್ಲಿಗೆ ಟಕಟಕ ಬಡಿಯಿತು.

"ಯಾಕಷ್ಟು ಭಯ? ನಾನೇನು ಮಾಡ್ತೀನಿ ಈಗ?" ಎಂದರು, ಅರ್ಧ ಸೊಟ್ಟಗಾದ ಬಾಯಲ್ಲಿ.

ಆ 'ಈಗ' ಎಂಬ ಮಾತು ಆಕೆಯನ್ನು ಬಹಳ ದಿನ ಚುಚ್ಚಿತು. ತಾನು ಯಾರ ತಂಗಿ ಎಂದು ಆಕೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಸ್ವಲ್ಪ ದಿನ ಕಳೆದಮೇಲೆ ಒಂದು ವಿಷಯ ಆಕೆಯ ಗಮನಕ್ಕೆ ಬಂತು. ಗೇಟು ಕಿರ್ರೆಂದರೆ ಸಾಕು, ಅಧ್ಯಕ್ಷರ ಸರಿಯಿದ್ದ ಕೈ ಹೊದಿಕೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. "ಹೊರಗೆ ಯಾರು?" ಎನ್ನುತ್ತಿದ್ದರು. ವರಾಂಡದಲ್ಲಿ ಜನವಿಲ್ಲದ ಹೊತ್ತೇ ಇರಲಿಲ್ಲ. ಒಂದು ಕಡೆಯ ಬೆಂಚಿನಲ್ಲಿ ಅವರ ಮಗನ ಹುಡುಗರು, ಇನ್ನೊಂದು ಕಡೆ ಅಳಿಯನ ಕಡೆಯವರು. ಯಜಮಾನರ ಉಸಿರು ಹೋದಮೇಲೆ ಅವರ ಜಾಗ ಯಾರದು ಎಂದು ಎರಡೂ ಬೆಂಚುಗಳು ಚಹಾ ಕುಡಿಯುತ್ತ ಕಾಯುತ್ತಿದ್ದವು. ಅದನ್ನು ಹೇಳಿದರೆ ಅವರಿಗೆ ಎದೆಬಡಿತ ಏರುತ್ತಿತ್ತು. ಹಾಗಾಗಿ ಸಿಸ್ಟರ್ "ಯಾರೂ ಇಲ್ಲ, ಮಲಕ್ಕೊಳ್ಳಿ" ಎನ್ನುತ್ತಿದ್ದಳು. ಊರನ್ನೇ ನಡುಗಿಸಿದವರು ಆ ಮಾತಿಗೆ ಮಗುವಿನ ಹಾಗೆ ಕಣ್ಣು ಮುಚ್ಚುತ್ತಿದ್ದರು. ಅದನ್ನು ನೋಡಿ ಆಕೆಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಇಂಥವರೇ ಇಷ್ಟು ಹೆದರುತ್ತಾರೆಂದರೆ ಹೆದರುವಂಥದ್ದು ಇನ್ನೇನಿದೆಯೋ ಎಂದು ಭಯ ಇನ್ನೂ ಹೆಚ್ಚಾಯಿತು.

ಅವರು ಹೋದದ್ದು ಒಂದು ಬೆಳಗ್ಗೆ, ಬಿಸಿಲು ಕೋಣೆಯೊಳಗೆ ಬಂದಿದ್ದ ಹೊತ್ತಿನಲ್ಲಿ. ಆಕೆ ಒರೆಸುವ ಬಟ್ಟೆಯನ್ನು ಬಿಸಿನೀರಿಗೆ ಅದ್ದುತ್ತಿದ್ದಳು.

"ಹೊರಗೆ ಯಾರಿದಾರೆ?"

"ಯಾರೂ ಇಲ್ಲ."

ಯಾವತ್ತೂ ಅಷ್ಟಕ್ಕೇ ಕಣ್ಣು ಮುಚ್ಚುತ್ತಿದ್ದವರು ಆ ದಿನ ತಲೆ ತಿರುಗಿಸಿ, "ಯಾರೂ ಇಲ್ವಾ?" ಎಂದು ಕೇಳಿದರು. ಬಟ್ಟೆ ಹಿಂಡಿ ತಿರುಗುವಷ್ಟರಲ್ಲಿ ಮುಗಿದಿತ್ತು. ಆ ಮಾತಿನಲ್ಲಿ ಇದ್ದದ್ದು ಸಮಾಧಾನವೋ ಸಂಕಟವೋ ಆಕೆಗೆ ಗೊತ್ತಾಗಲಿಲ್ಲ. ಕೆಳಗೆ ಎರಡು ಬೆಂಚು ತುಂಬ ಜನರಿದ್ದರು.

ಊರು ಬಂದ್ ಆಯಿತು. ಬಾಗಿಲು ಹಾಕಿ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಳುವವರು ಅಳುತ್ತಿದ್ದರು, ಅದರಲ್ಲಿ ನಿಜವಾಗಿ ಅತ್ತವರೂ ಬಹಳ ಜನ. ಉಳಿದವರು, ಅಳದಿದ್ದರೆ ಯಾರಾದರೂ ನೋಡಿಯಾರು ಎಂದು ಮುಖ ಕೆಳಗೆ ಹಾಕಿಕೊಂಡು ನಡೆದರು.

ಮೂರ್ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಸಿಸ್ಟರಿನ ಮನೆ ಮುಂದೆ ಕಾರು ನಿಂತಿತು. ಅಧ್ಯಕ್ಷರ ಮಗ ಒಳಗೆ ಬಂದು, ಒಣಗಲು ಹಾಕಿದ್ದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ, ಗಂಡನ ಕುರ್ಚಿಯಲ್ಲಿ ಕೂತ. ಜೊತೆಗೆ ಬಂದವರಿಬ್ಬರು ಬಾಗಿಲಿಗೆ ಅಡ್ಡ ನಿಂತರು.

"ಅಪ್ಪನ ಕೊನೇ ಗಳಿಗೇಲಿ ಇದ್ದಿದ್ದು ನೀವೊಬ್ರೇ. ಭಾನುವಾರ ಪುರಭವನದಲ್ಲಿ ನುಡಿನಮನ ಇಟ್ಕೊಂಡಿದೀವಿ. ನೀವು ಎರಡು ಮಾತಾಡ್ಬೇಕು."

"ನನಗೆ ಮಾತಾಡೋಕೆಲ್ಲ ಬರಲ್ಲ..."

"ಏನಿಲ್ಲ. ಅಪ್ಪ ನನ್ನ ಹೆಸರು ಹಿಡಿದು, ಊರನ್ನ ಇವನ ಕೈಗೆ ಕೊಟ್ಟಿದೀನಿ ಅಂದ್ರಲ್ಲ, ಅದನ್ನ ಹೇಳಿದ್ರೆ ಸಾಕು." ಎದ್ದು ನಿಂತವನು ಗೋಡೆಯ ಮೇಲಿದ್ದ ಮಗಳ ಫೋಟೋ ನೋಡಿ, "ಇದೇ ಊರಲ್ಲೇ ಕೆಲಸ ಅಲ್ವಾ ಇವಳಿಗೆ?" ಎಂದು ಕೇಳಿದ. ಧ್ವನಿಯಲ್ಲಿ ಬರೀ ವಿಶ್ವಾಸವಿತ್ತು.

ಮರುದಿನ ಅಳಿಯನಿಂದ ಫೋನು. ಅವನ ಮಾತು ಬೆಣ್ಣೆ. "ಅಕ್ಕಾ, ನಿಮ್ಮ ಮೇಲೆ ಯಾರೋ ಒತ್ತಡ ಹಾಕ್ತಿದಾರೆ ಅಂತ ಕೇಳಿದೆ. ಹೆದರ್ಬೇಡಿ. ಕೊನೇಲಿ ಮಾವ ನನ್ನನ್ನೇ ಕರೆದ್ರು, ನೀವು ಕೇಳಿಸ್ಕೊಂಡ್ರಿ, ಅಷ್ಟೇ. ನಿಮ್ಮೆಜಮಾನ್ರು ಯಾವ ರೂಟಲ್ಲಿ ಓಡ್ತಾರೆ ಈಗ?"

ಅಡಕತ್ತರಿಗೆ ಸಿಕ್ಕಂತಾಯಿತು. ಇವನ ಹೆಸರು ಹೇಳಿದರೆ ಅವನು ಬಿಡುವುದಿಲ್ಲ, ಅವನ ಹೆಸರು ಹೇಳಿದರೆ ಇವನು. ಗಂಡನ ಬಾಯಿಂದ ತಮಾಷೆ ಮಾಯವಾಗಿತ್ತು. "ಜ್ವರ ಅಂತ ಮಲಕ್ಕೊಂಡ್ಬಿಡು" ಎಂದ. ಸ್ವಲ್ಪ ಹೊತ್ತಿಗೆ ತಾನೇ, "ಬೇಡ, ಮನೇಗೇ ಬರ್ತಾರೆ" ಎಂದ.

ಶನಿವಾರ ಆಕೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆಗೆದು ಒಳಗೆ ಕರೆದಳು. ಅಣ್ಣ ಎಡಗೈಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ಆಕೆ ನಡೆದದ್ದನ್ನೆಲ್ಲ ಹೇಳಿದಳು, ಗೇಟಿನ ಸದ್ದಿನಿಂದ ಹಿಡಿದು ಆ ಕೊನೆಯ ಮಾತಿನ ತನಕ. ಅಣ್ಣ ಪತ್ರಿಕೆ ಕೆಳಗಿಟ್ಟ.

"ಅವನಿಗೂ ಭಯ ಇತ್ತಾ?"

"ತುಂಬಾ ಇತ್ತಣ್ಣ. ದಿನಾ."

"ಇದನ್ನ ಕೇಳಿದ್ರೆ ಖುಷಿ ಆಗುತ್ತೆ ಅಂದ್ಕೊಂಡಿದ್ದೆ ಕಣೇ. ಯಾಕೋ ಆಗ್ತಿಲ್ಲ."

"ನಾನೀಗ ಏನು ಮಾಡ್ಲಿ?"

"ನನ್ನ ಕೇಳ್ಬೇಡ. ನಾನು ಮಿಷಿನ್‌ಗೆ ಕೈ ಸಿಕ್ಕಿದ್ದು ಅಂತ ಬರೆಸಿ ಬಂದೋನು." ಆಕೆ ಎದ್ದು ಹೊರಟಾಗ ಬಾಗಿಲವರೆಗೂ ಬಂದ. "ನಾಳೆ ಹಿಂದಿನ ಸಾಲಲ್ಲಿ ಇರ್ತೀನಿ. ಬೇರೇನೂ ಕೈಲಾಗಲ್ಲ. ಇರ್ತೀನಿ."

ಪುರಭವನ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಆಳೆತ್ತರದ ಭಾವಚಿತ್ರ. ಮಗ ಒಂದು ಬದಿಗೆ, ಅಳಿಯ ಇನ್ನೊಂದು ಬದಿಗೆ, ನಡುವೆ ಅಧ್ಯಕ್ಷರ ಹೆಂಡತಿ ಕಲ್ಲಿನಂತೆ ಕೂತಿದ್ದರು. ಮಾತಾಡಿದವರೆಲ್ಲ ನೀರಿನ ಬಗ್ಗೆ ಮಾತಾಡಿದರು, ಹೆರಿಗೆ ವಾರ್ಡಿನ ಬಗ್ಗೆ ಮಾತಾಡಿದರು. ಮಾರುಕಟ್ಟೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ನಿರೂಪಕ ಸಿಸ್ಟರಿನ ಹೆಸರು ಕೂಗಿದ.

ಆಕೆ ಮೆಟ್ಟಿಲು ಹತ್ತಿದಳು. ಮೈಕಿನಲ್ಲಿ ಮೊದಲು ಉಸಿರಷ್ಟೇ ಕೇಳಿಸಿತು. ಮಗನ ಹೆಸರನ್ನೇ ಹೇಳಿಬಿಡೋಣ ಎಂದು ಆಕೆ ನಿಜಕ್ಕೂ ಬಾಯಿ ತೆರೆದಳು. ಆಗ ಅಳಿಯ ಸಣ್ಣಗೆ ಕೆಮ್ಮಿದ. ಮಗನ ಹೆಸರು ಹೊರಬರಲಿಲ್ಲ, ಅಳಿಯನ ಹೆಸರೂ ಬರಲಿಲ್ಲ. ಉಳಿದದ್ದು ನಡೆದ ಸಂಗತಿಯೊಂದೇ.

"ನನಗೆ ಅಧ್ಯಕ್ಷರನ್ನ ಕಂಡ್ರೆ ಭಯ ಇತ್ತು. ನಮ್ಮನೇಲಿ ಎಲ್ಲರಿಗೂ ಇತ್ತು. ಅಲ್ಲಿಗೆ ಹೋದ್ಮೇಲೆ ನೋಡಿದ್ರೆ ಅವ್ರಿಗೂ ಭಯ ಇತ್ತು. ಗೇಟ್ ಸದ್ದಾದ್ರೆ ಹೊರಗೆ ಯಾರು ಅಂತಿದ್ರು. ಯಾರೂ ಇಲ್ಲ ಅಂತ ನಾನು ಸುಳ್ಳು ಹೇಳ್ತಿದ್ದೆ. ಅವತ್ತೂ ಹೇಳಿದೆ. ಯಾರೂ ಇಲ್ವಾ ಅಂದ್ರು. ಆಮೇಲೆ ಹೋದ್ರು. ಯಾರ ಹೆಸರೂ ಹೇಳ್ಲಿಲ್ಲ. ಅಷ್ಟೇ ನನಗೆ ಗೊತ್ತಿರೋದು."

ನಿರೂಪಕ ಓಡಿಬಂದು ಮೈಕ್ ಕಿತ್ತುಕೊಂಡು, "ಸಿಸ್ಟರ್ ದುಃಖದಲ್ಲಿದ್ದಾರೆ, ಏನು ಮಾತಾಡ್ತಿದ್ದಾರೆ ಅಂತ ಅವರಿಗೇ ತಿಳೀತಿಲ್ಲ" ಎಂದ. ಆಕೆ ಪಕ್ಕದ ಬಾಗಿಲಿನಿಂದ ಹೊರಬಂದಳು. ಯಾರೂ ತಡೆಯಲಿಲ್ಲ. ತಡೆದಿದ್ದರೇ ವಾಸಿಯಿತ್ತು ಎನಿಸಿತು ಆಕೆಗೆ.

ಏಜೆನ್ಸಿಯವನು ಫೋನ್ ಎತ್ತುವುದನ್ನೇ ಬಿಟ್ಟ. ಬೀದಿಯ ತುದಿಯಲ್ಲಿ ಒಂದು ಬೈಕು ಸುಮ್ಮನೆ ಗುರುಗುಟ್ಟುತ್ತ ನಿಲ್ಲುತ್ತಿತ್ತು. ಮೇಲೆ ಕೂತವನು ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಮಗಳನ್ನು ಕೆಲಸಕ್ಕೆ ಬಿಟ್ಟು ಕರೆತರುವುದೇ ಗಂಡನ ಕೆಲಸವಾಯಿತು. ಇದರ ಮೇಲೆ ಇನ್ನೊಂದು ತಾಪತ್ರಯ ಶುರುವಾಯಿತು. ಜನ ಆಕೆಯ ಹತ್ತಿರ ಬಂದು ಪಿಸುಗುಡತೊಡಗಿದರು. ತರಕಾರಿ ಅಂಗಡಿಯಲ್ಲಿ ಒಬ್ಬಳು, "ನನ್ನ ಮಗನ ಆಪರೇಷನ್ನು ಅಧ್ಯಕ್ಷರೇ ಮಾಡಿಸಿದ್ದು, ಕಾಲು ಮುಟ್ಟೋಕೂ ಬಿಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಬಸ್ ನಿಲ್ದಾಣದಲ್ಲಿ ಮುದುಕನೊಬ್ಬ, "ಮಾರ್ಕೆಟ್ಟಲ್ಲಿ ನಂದೂ ಅಂಗಡಿ ಇತ್ತು. ಬೆಂಕಿ ಬೀಳೋಕೆ ಮುಂಚೇನೇ ಸೀಮೆಎಣ್ಣೆ ವಾಸನೆ ಬಂದಿತ್ತು" ಎಂದ. ಇಬ್ಬರಿಗೂ ಆಕೆ ಕೈಮುಗಿದು, "ನನಗ್ಯಾಕೆ ಹೇಳ್ತೀರ, ನನಗೆ ಬೇಡ" ಎಂದು ಬಿರಬಿರನೆ ನಡೆದಳು.

ಹೀಗಿರುವಾಗ ಅಧ್ಯಕ್ಷರ ಹೆಂಡತಿಯಿಂದ ಬುಲಾವು ಬಂತು. ವರಾಂಡದ ಬೆಂಚುಗಳು ಖಾಲಿಯಿದ್ದವು. ಆ ಅಮ್ಮ ಸಿಸ್ಟರನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡರು.

"ಯಾರೂ ಇಲ್ವಾ ಅಂತ ನಿಜವಾಗ್ಲೂ ಕೇಳಿದ್ರಾ?"

"ಕೇಳಿದ್ರು ಅಮ್ಮ."

"ನಾನು ಮೆಟ್ಟಿಲ ಹತ್ರಾನೇ ಇದ್ದೆ. ನನಗೂ ಕೇಳಿಸ್ತು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಕರೀದೆ ಆ ಕೋಣೆಗೆ ಹೋಗಿದ್ದಕ್ಕೆ ಮದ್ವೆಯಾದ ಹೊಸದ್ರಲ್ಲಿ ಒಂದ್ಸಲ ಹೊಡೆದಿದ್ರು. ಆಮೇಲೆ ನಾನು ಕರೀದೆ ಹೋಗೇ ಇಲ್ಲ. ಅವತ್ತು ಕೂಡ ಕಾಲು ಮುಂದೆ ಬರ್ಲಿಲ್ಲ."

ಸಿಸ್ಟರ್ ರೋಗಿಗಳ ಬೆನ್ನು ಸವರುವಂತೆ ಅವರ ಬೆನ್ನು ಸವರಿದಳು.

"ನಿನ್ನ ತಂಟೆಗೆ ಹೋಗ್ಬೇಡಿ ಅಂತ ಇಬ್ಬರಿಗೂ ಹೇಳಿದೀನಿ. ನನ್ನ ಮಾತು ಎಷ್ಟು ದಿನ ನಡೆಯುತ್ತೋ ಗೊತ್ತಿಲ್ಲ. ಇರೋತನಕ ಇರ್ಲಿ."

ಅಲ್ಲಿಂದಾಚೆ ಬೈಕು ಬರುವುದು ನಿಂತಿತು. ಅದು ಅಮ್ಮನ ಮಾತಿಗೋ, ಮಗ ಮತ್ತು ಅಳಿಯ ರಾಜಿಯಾದದ್ದಕ್ಕೋ ಹೇಳುವುದು ಕಷ್ಟ. ಕುರ್ಚಿ ಅಳಿಯನಿಗಾಯಿತು, ಕಂಟ್ರ್ಯಾಕ್ಟುಗಳು ಮಗನಿಗಾದವು, ಹೊಸ ಮಾರುಕಟ್ಟೆಗೆ ಅಧ್ಯಕ್ಷರ ಹೆಸರಿಟ್ಟರು. ಸಿಸ್ಟರಿಗೆ ಊರಾಚೆಯ ಬಡಾವಣೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಒಬ್ಬ ಟೀಚರಮ್ಮನನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಒಂದು ದಿನ ಮಗ್ಗುಲು ಬದಲಿಸುತ್ತಿದ್ದಾಗ ಆ ಟೀಚರಮ್ಮ, "ನೀನೇ ಅಲ್ವೇನೇ ಸಭೇಲಿ ಮಾತಾಡಿದ್ದು? ಆ ಮನುಷ್ಯ ನಮ್ಮ ಸ್ಕೂಲಿಗೆ ಒಂದ್ಸಲ ಬಂದಿದ್ದಾಗ ಏನಾಯ್ತು ಗೊತ್ತಾ..." ಎಂದು ಶುರುಮಾಡಿದರು. ಸಿಸ್ಟರ್ ಕಿಟಕಿಯತ್ತ ನೋಡಿದಳು. ಬೀದಿಯಲ್ಲಿ ಒಬ್ಬ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ, ಅಷ್ಟೇ. ದಿಂಬು ಸರಿಮಾಡಿ, ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಮೆತ್ತಗೆ ಹೇಳಿ ಅಮ್ಮ" ಎಂದಳು.