ಎಂಟು ಕಾಲಿನವರ ಹವಾಲ್ದಾರ

ಬುರುಡೆ ಅಂತೀಯೇನೇ ಪುಟ್ಟಿ? ನಾನು ಚಕ್ರವರ್ತಿಯ ನಕ್ಷತ್ರಪಡೆಯಲ್ಲಿದ್ದಾಗ ನಮ್ಮ ಡ್ರಿಲ್ ಹವಾಲ್ದಾರನನ್ನ ನೀನು ನೋಡ್ಬೇಕಿತ್ತು! ಅವನು ಕೂಗಿದ್ರೆ ಪಕ್ಕದ ಗ್ರಹದಲ್ಲಿ ಮಲಗಿದ್ದೋರೂ ಎದ್ದು ನೆಟ್ಟಗೆ ನಿಲ್ಲೋರು. ಎರಡು ಕಾಲಿನ ನಮಗೆ "ಎಡ, ಬಲ" ಅಂದು ಮುಗಿಸೋನು, ಬೇರೆ ಗ್ರಹದಿಂದ ಬಂದು ಪಡೆ ಸೇರಿದ್ದ ಎಂಟು ಕಾಲಿನೋರಿಗೆ ಮಾತ್ರ ಒಂದೊಂದು ಕಾಲನ್ನೂ ಬೇರೆಬೇರೆ ಮಾತಾಡಿಸೋನು, "ಮೂರನೇ ಎಡಗಾಲೇ, ಯಾಕಪ್ಪಾ ಸೋಮಾರಿತನ?" ಅಂತ. ಅವರು ಚಕ್ರವರ್ತಿ ಕಣ್ಣಿಗೆ ಬೀಳಬಾರ್ದು ಅಂತ ಮೇಲಿನೋರು ಅವರನ್ನ ಯಾವಾಗ್ಲೂ ಕೊನೇ ಸಾಲಲ್ಲೇ ನಿಲ್ಲಿಸೋರು. ಹವಾಲ್ದಾರನಿಗೆ ಬಡ್ತಿ ಕೊಡೋಕೆ ಚಕ್ರವರ್ತಿ ಬಂದ ದಿನ, ಈ ಪುಣ್ಯಾತ್ಮ ಗಂಟಲು ಹರಿಯೋ ಹಾಗೆ ಕೂಗಿದ: "ಹಿಂದೇ... ತಿರುಗ್!" ಸಾಲುಸಾಲು ಬೆನ್ನು ಕಂಡು ಕೆಂಡವಾದ ಚಕ್ರವರ್ತಿ ಸುತ್ತು ಹಾಕಿ ಈ ಕಡೆ ಬಂದ್ರೆ, ಎದುರಿಗೇ ಎಂಟು ಕಾಲಿನೋರು, ಎದೆಯುಬ್ಬಿಸಿ ಸಲ್ಯೂಟ್ ಹೊಡೀತಿದ್ದಾರೆ! ನಮ್ಮೋನು ಕೊನೇವರೆಗೂ ಹವಾಲ್ದಾರನಾಗೇ ಉಳಿದ. ಆ ಗಂಟಲು ಇನ್ನೊಂದ್ಸಲ ಕೇಳ್ಬೇಕು ಅನ್ಸುತ್ತೆ ಕಣೇ... ಏನು, ಅಜ್ಜಿ ಊಟಕ್ಕೆ ಕರೀತಿದ್ದಾಳಾ? ಬಂದೆ, ಬಂದೆ.