ಬಾವನ ಹೆಲಿಕಾಪ್ಟರ್ ಬೀಳಿಸಿದ್ದು

ಗೊತ್ತೇ ಇಲ್ಲದ ವಿಷಯದಲ್ಲಿ ಸುಮ್ಮನಿರುವುದು ನನಗೆ ಕಷ್ಟವಲ್ಲ. ಅರ್ಧ ಗೊತ್ತಿರುವ ವಿಷಯದಲ್ಲಿ ಸುಮ್ಮನಿರುವುದು ಮಾತ್ರ ಈ ಜನ್ಮದಲ್ಲಿ ಆಗದು. ಮಣಿಪಾಲದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಅರ್ಧವೂ ಗೊತ್ತಿಲ್ಲದ ವಿಷಯ ಯಾವುದೂ ಉಳಿದಿರುವುದಿಲ್ಲ ನೋಡಿ.

ನನ್ನ ಹೆಂಡತಿಯ ಅಣ್ಣ ಶೇಖರ ಬಾವ (ನನ್ನನ್ನೂ ಅವರು ಬಾವ ಎಂದೇ ಕರೆಯುವುದು) ಇದಕ್ಕೆ ತದ್ವಿರುದ್ಧ. ಗಲ್ಫಿನಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿ, ಉದ್ಯಾವರದ ಮನೆಗೆ ಮರಳಿದವರು. ಅಷ್ಟೆತ್ತರದ ಪುಟ್ಟ ಕೋಣೆಯಲ್ಲಿ ಒಬ್ಬರೇ ಕೂತು ಕೂತು ಮಾತೇ ಮರೆತಂತಿದ್ದರು. ಯಾರು ಏನು ಕೇಳಿದರೂ "ಹೌದು" ಅಥವಾ "ಉಂಟು". "ಅಣ್ಣನನ್ನು ಸ್ವಲ್ಪ ಮಾತಾಡಿಸಿ" ಎಂದು ಹೆಂಡತಿ ಪ್ರತಿ ಭಾನುವಾರ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದಳು. ನಾನು ಮಾತಾಡುತ್ತಿದ್ದೆ, ಅವರು ಕೇಳುತ್ತಿದ್ದರು. ಈ ವ್ಯವಸ್ಥೆಯಿಂದ ಸುಖವಾಗಿದ್ದವನು ನಾನೊಬ್ಬನೇ.

ಒಂದು ಭಾನುವಾರ ಹೋದಾಗ ಬಾವ ಮನೆಯ ಹಿಂದಿನ ಕೊಯ್ಲಾದ ಗದ್ದೆಯಲ್ಲಿ ರಿಮೋಟ್ ಹಿಡಿದು ನಿಂತಿದ್ದರು. ಅವರ ತಲೆಯೆತ್ತರದಲ್ಲಿ ಮೊಳದುದ್ದದ ಕೆಂಪು ಹೆಲಿಕಾಪ್ಟರೊಂದು, ಗಾಳಿಗೆ ಮೊಳೆ ಹೊಡೆದು ತೂಗುಹಾಕಿದಂತೆ, ಅಲುಗದೆ ನಿಂತಿತ್ತು. ಊರಿಗೆ ಬರುವಾಗ ಎಲ್ಲರಿಗೂ ಸೆಂಟು, ಸಾಬೂನು ತಂದಿದ್ದ ಬಾವ ತಮಗೆಂದು ತಂದುಕೊಂಡದ್ದು ಇದೊಂದೇ ಅಂತೆ. ಇಷ್ಟು ದಿನ ಸಂಕೋಚದಿಂದ ಅಟ್ಟದಲ್ಲಿಟ್ಟಿದ್ದರಂತೆ.

ನಾನು ಕೂಡಲೇ ಪಾಠ ಶುರುಮಾಡಿದೆ. ಮೇಲಿನ ರೆಕ್ಕೆ ಒಂದು ಕಡೆಗೆ ತಿರುಗಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ, ಅದನ್ನು ತಡೆಯುವುದಕ್ಕೇ ಬಾಲದ ಪುಟ್ಟ ರೆಕ್ಕೆ, ಇತ್ಯಾದಿ. ಬಾವ ಪೂರ್ತಿ ಕೇಳಿದರು. ಹೆಲಿಕಾಪ್ಟರನ್ನು ಇಳಿಸಿ ರಿಮೋಟನ್ನು ನನ್ನ ಕೈಗಿಟ್ಟರು.

"ನೀವು ಹಾರಿಸಿ ಬಾವ."

ಅದರಲ್ಲಿ ವ್ಯಂಗ್ಯವಿದ್ದಿದ್ದರೆ ಬಚಾವಾಗುತ್ತಿದ್ದೆ. ಇದ್ದದ್ದು ಗೌರವ.

ಹೆಲಿಕಾಪ್ಟರ್ ಎದ್ದಿತು. ನನ್ನಿಂದ ದೂರ ಹೋಗುವಷ್ಟು ಹೊತ್ತು ನಾನು ಪೈಲಟ್ಟೇ. ಆಮೇಲೆ ಅದು ತಿರುಗಿ ಮೂತಿಯನ್ನು ನನ್ನತ್ತ ಮಾಡಿತು. ಅದರ ಎಡ ನನ್ನ ಬಲವಾಯಿತು. ನನ್ನ ತಲೆಗೆ ಇದು ಗೊತ್ತಿತ್ತು, ಹೆಬ್ಬೆರಳಿಗೆ ಯಾರೂ ಹೇಳಿರಲಿಲ್ಲ. ಎಡಕ್ಕೆ ತಳ್ಳಬೇಕಾದಲ್ಲಿ ಬಲಕ್ಕೆ ತಳ್ಳಿದೆ; ಹೆದರಿ ಇನ್ನಷ್ಟು ತಳ್ಳಿದೆ. ಹೆಲಿಕಾಪ್ಟರ್ ಗದ್ದೆ ದಾಟಿ, ತೆಂಗಿನಮರಕ್ಕೆ ಬಡಿದು, ಚಟಚಟನೆ ಚೂರಾಗಿ ಕೆಳಗೆ ಬಿತ್ತು.

ಬಾವ ಓಡಲಿಲ್ಲ, ಬೈಯಲಿಲ್ಲ. ಮೆಲ್ಲಗೆ ಹೋಗಿ ಚೂರುಗಳನ್ನು ಲುಂಗಿಯ ಮಡಿಕೆಗೆ ಹೆಕ್ಕತೊಡಗಿದರು. ನಾನೂ ಮಂಡಿಯೂರಿ ಹುಡುಕಿದೆ. ಒಬ್ಬ ಮನುಷ್ಯ ತನಗಾಗಿ ತಂದುಕೊಂಡ ಒಂದೇ ಒಂದು ವಸ್ತು. ಮುರಿಯಲು ನನಗೆ ಎರಡು ನಿಮಿಷ ಸಾಕಾಯಿತು.

ನಾನು ಸುಮ್ಮನಾದದ್ದಕ್ಕೋ ಏನೋ, ಬಾವ ಬಾಯಿಬಿಟ್ಟರು. "ಕ್ರೇನ್ ಹತ್ತಿದ ಮೊದಲ ವಾರ ನಾನೊಂದು ಕಟ್ಟು ಕಬ್ಬಿಣ ಬೀಳಿಸಿದ್ದೆ ಮಾರಾಯ್ರೆ. ಪುಣ್ಯಕ್ಕೆ ಕೆಳಗೆ ಯಾರೂ ಇರ್ಲಿಲ್ಲ. ಕೆಲಸ ಹೋಯ್ತು ಅಂತಲೇ ಲೆಕ್ಕ. ನಮ್ಮ ಫೋರ್‌ಮನ್ ಎಂತ ಹೇಳಿದ ಗೊತ್ತುಂಟಾ? ಇಳೀಬೇಡ, ಅದೇ ಕಟ್ಟನ್ನು ಮತ್ತೆ ಎತ್ತು ಅಂದ."

"ಎತ್ತಿದ್ರಾ?"

"ಎತ್ತದೆ ಎಂತ ಮಾಡುದು? ಇಳೀಲಿಕ್ಕೆ ಬಿಡ್ಲಿಲ್ಲ ಅಲ್ವಾ!"

ಹೇಳಿ ಗಟ್ಟಿಯಾಗಿ ನಕ್ಕರು. ಆ ನಗು ಕೇಳಿ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರು. ಊಟದ ಹೊತ್ತಿನವರೆಗೂ ಬಾವ ಮಾತಾಡಿದರು, ನಾನು ಕೇಳಿದೆ.

ಹೊಸ ರೆಕ್ಕೆ ತರಿಸಿ, ಉಳಿದ ಚೂರುಗಳನ್ನು ಅಂಟಿಸಿ ಎರಡು ವಾರದ ಮೇಲೆ ಮತ್ತೆ ಗದ್ದೆಗಿಳಿದೆವು. ನಾನು ಬೇಡವೆಂದರೂ ಬಾವ ರಿಮೋಟನ್ನು ನನಗೇ ಕೊಟ್ಟರು. ಈ ಸಲ ಪಾಠ ಮಾಡದೆ ಹಾರಿಸಿದೆ. ಮೂತಿ ತಿರುಗಿತು, ಹೆಬ್ಬೆರಳು ಗಲಿಬಿಲಿಗೊಂಡಿತು, ಹೆಲಿಕಾಪ್ಟರ್ ತೂರಾಡಿ ಬೈಹುಲ್ಲಿನ ಮೇಲೆ ಮಗುಚಿತು. ಬಾವ ಹೋಗಿ ಎತ್ತಿ, ಹಿಂದೆಮುಂದೆ ತಿರುಗಿಸಿ ನೋಡಿದರು.

"ಇವತ್ತು ಮೆಲ್ಲ ಬಿದ್ದದ್ದು ಬಾವ. ಕಲಿತಾ ಇದ್ದೀರಿ."

ಎಷ್ಟು ಸಾವಿರ ಉತ್ತರಪತ್ರಿಕೆ ತಿದ್ದಿದ್ದೇನೋ. ಮೆಲ್ಲ ಬಿದ್ದದ್ದಕ್ಕೂ ಅಂಕ ಕೊಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.